ಅಟ್ಟದ ಕೊಬ್ಬರಿ, ಡೈರಿಯ ಹಾಲು

ನಾನು ತುರುವೇಕೆರೆ ಕಡೆಗೆ ಸೊಸೆಯಾಗಿ ಬಂದಾಗ ಕೊಟ್ಟಿಗೆಯಲ್ಲಿದ್ದ ಹಳ್ಳಿಕಾರ್ ಹಸುವಿನಿಂದ ಯಾರೂ ಹೆಚ್ಚು ಹಾಲು ಬಯಸುತ್ತಿರಲಿಲ್ಲ. ಕರು ಕುಡಿದು ಮಿಕ್ಕಿದ್ದರಲ್ಲಿ ಮನೆಗೊಂದಿಷ್ಟು ಮಜ್ಜಿಗೆಯಾದರೆ ಆಯಿತು. ಬೇಕಿದ್ದದ್ದು ಗೊಬ್ಬರ ಮತ್ತು ಉಳುವುದಕ್ಕೆ ಹೋರಿ.

ಈ ಸೀಮೆಯಲ್ಲಿ ಅದು ಹಳೆಯ ರೂಢಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಹುಟ್ಟಿದ ಇಲಾಖೆ ಕೊನೆಗೆ ಹೆಸರಾದದ್ದು ಫಿರಂಗಿ ಎಳೆಯುವ ಎತ್ತುಗಳಿಂದ! ಆ ದನ ಮೇಯುತ್ತಿದ್ದ ಕಾವಲುಗಳು ತಿಪಟೂರು, ಚಿಕ್ಕನಾಯಕನಹಳ್ಳಿಯ ಸುತ್ತ ಇದ್ದವು.

ತೆಂಗಿನ ತೋಟದ ಲೆಕ್ಕ ಹೀಗಿತ್ತು: ಕೊಟ್ಟಿಗೆ ಗೊಬ್ಬರ, ಕೆರೆಗೋಡು, ಬೇಸಿಗೆಯಲ್ಲಿ ಕುರಿಮಂದೆ. ಹೊಲದಲ್ಲಿ ರಾಗಿ, ಅವರೆ, ಹುರುಳಿ. ಅವುಗಳ ಹುಲ್ಲು, ಹೊಟ್ಟು ದನಕ್ಕೆ. ದುಡ್ಡು ಮಾತ್ರ ತಡ. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವುದಕ್ಕೆ ಹತ್ತು ಹನ್ನೊಂದು ತಿಂಗಳು. ಅಷ್ಟರೊಳಗೆ ಅಂಗಡಿಯಲ್ಲಿ ಸಾಲ ಬೆಳೆದಿರುತ್ತಿತ್ತು.

1977ರಲ್ಲಿ ತುಮಕೂರು ಹಾಲು ಒಕ್ಕೂಟ ಹುಟ್ಟಿತು. ಮಣಿಭಾಯಿ ದೇಸಾಯಿ ಕಟ್ಟಿದ ಬೈಫ್ ಸಂಸ್ಥೆ ತಿಪಟೂರಿನಲ್ಲಿ ನೆಲೆ ಮಾಡಿಕೊಂಡು ಮಿಶ್ರತಳಿ ಹಸು, ಮರ, ಮೇವು ಎಲ್ಲವನ್ನೂ ಒಟ್ಟಿಗೆ ಹೇಳಿಕೊಟ್ಟಿತು. ಊರೂರಿಗೆ ಡೈರಿ ಬಂತು, ಸೀಮೆಹಸುವೂ ಬಂತು. ನಮ್ಮತ್ತೆ ಮೊದಲ ಬಟವಾಡೆ ಸೆರಗಿಗೆ ಗಂಟು ಹಾಕಿಕೊಂಡು, "ಕೊಬ್ಬರಿ ದುಡ್ಡು ಮಂಡಿಗೆ ಹೋದ ಗಂಡಸ್ರದು, ಇದು ನಂದು ಕಣಮ್ಮ" ಅಂದಿದ್ದರು. ನನ್ನ ಮಟ್ಟಿಗೆ ಡೈರಿಯ ಇತಿಹಾಸದಲ್ಲಿ ಲೀಟರಿನ ಲೆಕ್ಕಕ್ಕಿಂತ ಆ ಗಂಟು ದೊಡ್ಡದು.

ಆಮೇಲೆ ಕೆಲವರು ಹಾಲನ್ನೇ ಕಸುಬು ಮಾಡಿಕೊಂಡರು. ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರು ಯಾರಿಗೂ ಬೇಡವಾಯಿತು. ರಾಗಿ ಹೊಲಕ್ಕೂ ತೆಂಗೇ ಬಂದು ಹುಲ್ಲು ಕಡಿಮೆಯಾಯಿತು. ಹಿಂಡಿ, ಬೂಸಾ ಅಂಗಡಿಯಿಂದ. ನುಸಿಪೀಡೆ ಕಾಯನ್ನು ಸಣ್ಣಗೆ ಮಾಡಿದ ವರ್ಷಗಳಲ್ಲಿ ಎರಡು ಹಸುವಿದ್ದ ಮನೆ ಹಾಲಿನಿಂದ ಉಸಿರಾಡಿತು. ಸಾಲ ಮಾಡಿ ಹತ್ತು ಕಟ್ಟಿದವರದು ಬೇರೆ ಕಥೆ: ಬೋರ್‌ವೆಲ್ ಬತ್ತಿದಾಗ ಮೊದಲು ಒಣಗಿದ್ದು ನೇಪಿಯರ್ ಹುಲ್ಲು, ಮೊದಲು ಸಂತೆಗೆ ಹೋದದ್ದು ಹಸು. ತೆಂಗಿನ ಮರ ಹರಳು ಉದುರಿಸಿಯಾದರೂ ನಿಂತಿರುತ್ತದೆ.

2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗಿಳಿದು ತಿಪಟೂರಿನಲ್ಲಿ ರೈತರು ಧರಣಿ ಕೂತರು. ಆಗಲೂ ನಮ್ಮ ಮನೆಯ ದಿನಸಿ ಬಂದದ್ದು ಹಾಲಿನಿಂದಲೇ. ಹಾಗಂತ ಹಾಲನ್ನೇ ನಂಬಿ ಅಂತ ನಾನು ಹೇಳುವುದಿಲ್ಲ. ಹತ್ತು ಹಸುವಿನ ಸಾಲಕ್ಕೆ ಅರ್ಜಿ ಬರೆಯುತ್ತಿರುವ ಹುಡುಗರೇ, ಮೊದಲು ಏಪ್ರಿಲ್‌ನಲ್ಲಿ ನಿಮ್ಮ ಬೋರ್‌ವೆಲ್ಲಿನಲ್ಲಿ ಎಷ್ಟು ನೀರು ಉಳಿಯುತ್ತದೆ, ಬಣವೆಯಲ್ಲಿ ಎಷ್ಟು ಹುಲ್ಲಿದೆ ನೋಡಿಕೊಳ್ಳಿ. ಸದ್ಯಕ್ಕೆ ಎರಡು ಕಟ್ಟಿ.