ಎರಡು ಜಾಲಹಳ್ಳಿಗಳ ನಡುವೆ ಮಾತಿನ ಚಿಕಿತ್ಸೆ

ಜಾಲಹಳ್ಳಿ ಎಂದರೆ ಬೆಂಗಳೂರಿನವರಿಗೆ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ನೆನಪಾಗುತ್ತವೆ. ರಾಯಚೂರು ಸೀಮೆಯವರಿಗೆ ಅದು ಬೇರೆಯೇ ಊರು. ದೇವದುರ್ಗದಿಂದ ತಿಂಥಣಿ ಬ್ರಿಡ್ಜಿನ ಕಡೆ ಹೋಗುವ ರಸ್ತೆಯಲ್ಲಿ ಸಿಗುವ ಹೋಬಳಿ ಕೇಂದ್ರ, ರಂಗನಾಥಸ್ವಾಮಿಯ ಊರು. ಮೂರು ವರ್ಷವಾದರೂ ಮಗುವಿಗೆ ಮಾತು ಬರದಿದ್ದರೆ ಬೆಂಗಳೂರಿನ ಜಾಲಹಳ್ಳಿಯವರು ಆಟೊ ಹತ್ತಿ ಸ್ಪೀಚ್ ಥೆರಪಿಸ್ಟರ ಬಳಿ ಹೋಗಿ ಸಂಜೆಯೊಳಗೆ ಮನೆಗೆ ಬರಬಹುದು. ದೇವದುರ್ಗದ ಜಾಲಹಳ್ಳಿಯವರು ಒಂದು ದಿನದ ಕೂಲಿ ಬಿಟ್ಟು ಜಿಲ್ಲಾ ಕೇಂದ್ರದ ಬಸ್ಸು ಹಿಡಿಯಬೇಕು. ಈ ಅಂತರ ಒಂದು ದಿನದಲ್ಲಿ ಆದದ್ದಲ್ಲ.

ಮಾತು ತಡವಾಗುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಸುಲಭಕ್ಕೆ ಕೈಗೆ ಸಿಗದ ಒಂದು, ಅಪ್ರಾಕ್ಸಿಯಾ. ಇಂಥ ಮಗುವಿಗೆ ಕಿವಿ ಕೇಳಿಸುತ್ತದೆ, ಹೇಳಿದ್ದು ಅರ್ಥವಾಗುತ್ತದೆ. ರೊಟ್ಟಿ ಅಗಿಯಲು, ನೀರು ನುಂಗಲು ನಾಲಗೆ ತುಟಿಗಳಿಗೆ ತ್ರಾಣವೂ ಇರುತ್ತದೆ. ಆದರೆ ಯಾವ ಸ್ವರದ ಬೆನ್ನಿಗೆ ಯಾವ ವ್ಯಂಜನ, ತುಟಿ ಎಷ್ಟು ಮುಚ್ಚಬೇಕು, ನಾಲಗೆ ಎಲ್ಲಿ ತಾಗಬೇಕು ಎಂಬ ಚಲನೆಯ ಯೋಜನೆ ಮಿದುಳಿನಲ್ಲಿ ಸರಿಯಾಗಿ ಕೂಡಿಬರುವುದಿಲ್ಲ. ‘ನೀರು’ ಎನ್ನಲು ಹೊರಟ ಮಗು ಒಮ್ಮೆ ‘ನೀಯು’ ಎನ್ನುತ್ತದೆ, ಮರುಕ್ಷಣ ‘ದೀ’ ಎನ್ನುತ್ತದೆ, ಮೂರನೆಯ ಸಲ ಬಾಯಿ ತೆರೆದು ಹುಡುಕಾಡಿ ಸುಮ್ಮನಾಗುತ್ತದೆ. ತಪ್ಪು ಕೂಡ ಒಂದೇ ಥರ ಇರುವುದಿಲ್ಲ. ‘ಎಲ್ಲಾ ತಿಳೀತದ, ಮಾತೊಂದ ಬರವಲ್ದು’ ಎಂದು ಮನೆಯವರು ಹೇಳುವುದರಲ್ಲಿ ಅರ್ಧ ರೋಗಪತ್ತೆ ಇದ್ದೇ ಇದೆ.

ಹಿಂದೆ ಮಾತು ತಡವಾದರೆ ಮನೆಯಲ್ಲೇ ಮದ್ದಿತ್ತು. ಬಜೆ ಬೇರನ್ನು ತೇಯ್ದು ಜೇನಿನಲ್ಲಿ ಕಲಸಿ ನಾಲಗೆಗೆ ನೆಕ್ಕಿಸುವುದು ಕರ್ನಾಟಕದ ಉದ್ದಗಲಕ್ಕೂ ಇದ್ದ ರೂಢಿ. ನಾಲಗೆ ದಪ್ಪವೆಂದೋ, ಕೆಳಗಿನ ನರ ಬಿಗಿದಿದೆ ಎಂದೋ ಹೇಳುವವರಿದ್ದರು. ದೇವರಿಗೆ ಹರಕೆ ಹೊರುತ್ತಿದ್ದರು. ಇವೆಲ್ಲಕ್ಕಿಂತ ಗಟ್ಟಿಯಾದ ಸಮಾಧಾನ ಅಜ್ಜಿಯರದು: ‘ಅವರಪ್ಪಗೂ ಮಾತು ತಡಾನೇ ಬಂದಾವು.’ ಕೆಲವು ಮಕ್ಕಳ ವಿಷಯದಲ್ಲಿ ಈ ಮಾತು ನಿಜವೂ ಆಗುತ್ತಿತ್ತು. ಅದನ್ನೇ ನಂಬಿ ಕೂತ ಉಳಿದ ಮಕ್ಕಳ ಎಳೆಯ ವರ್ಷಗಳು ಕೈಜಾರಿ ಹೋಗುತ್ತಿದ್ದವು.

ಸರ್ಕಾರಗಳು ಮೊದಲು ನೋಡಿದ್ದು ಕಿವಿಯನ್ನು. ಮೈಸೂರಿನಲ್ಲಿ ಕಿವುಡ ಮತ್ತು ಕುರುಡ ಮಕ್ಕಳ ಶಾಲೆ ಶುರುವಾದದ್ದು 1901ರಲ್ಲಿ. ಆಗ ರಾಯಚೂರು ನಿಜಾಮರ ರಾಜ್ಯದಲ್ಲಿತ್ತು. ಮಾತಾಡದ ಮಗು ಎಂದರೆ ಕಿವುಡು ಮಗು ಎಂಬ ಲೆಕ್ಕ ಆಗ ಎಲ್ಲ ಕಡೆಯೂ ಇತ್ತು. ಕಿವಿ ನೆಟ್ಟಗಿದ್ದೂ ಮಾತು ಕೂಡಿಬಾರದ ಮಗುವಿಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಇಂಥ ಮಗುವಿನ ಸ್ಥಿತಿ ವೈದ್ಯಶಾಸ್ತ್ರಕ್ಕೂ ಹೊಸತೇ ಆಗಿತ್ತು. ಜರ್ಮನಿಯ ಹ್ಯೂಗೊ ಲೀಪ್‌ಮನ್ 1900ರಲ್ಲಿ ಅಪ್ರಾಕ್ಸಿಯಾವನ್ನು ವಿವರಿಸಿದ್ದು ಒಬ್ಬ ವಯಸ್ಕ ಅಧಿಕಾರಿಯಲ್ಲಿ. ಮಕ್ಕಳ ಮಾತಿನಲ್ಲೂ ಇಂಥದೇ ತೊಡಕಿದೆ ಎಂಬುದನ್ನು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಮ್ಯೂರಿಯಲ್ ಮಾರ್ಲಿ 1950ರ ದಶಕದಲ್ಲಿ ಬರೆದರು. ಅಮೆರಿಕದ ವಾಕ್ ಚಿಕಿತ್ಸಕರ ಸಂಘ ಇದರ ಮುಖ್ಯ ಲಕ್ಷಣಗಳನ್ನು ಅಧಿಕೃತ ವರದಿಯಲ್ಲಿ ಪಟ್ಟಿ ಮಾಡಿದ್ದು 2007ರಲ್ಲಿ. ಒಂದೇ ಪದದಲ್ಲಿ ಪ್ರತಿ ಸಲ ಬೇರೆ ತಪ್ಪು, ಒಂದು ಧ್ವನಿಯಿಂದ ಇನ್ನೊಂದಕ್ಕೆ ಸಾಗುವಾಗ ಎಳೆತ ಅಥವಾ ತಡೆ, ಮಾತಿನ ಏರಿಳಿತದಲ್ಲಿ ವ್ಯತ್ಯಾಸ ಎಂಬ ಮೂರು ಗುರುತುಗಳನ್ನು ಅದು ಹೇಳಿತು.

ಕರ್ನಾಟಕದಲ್ಲಿ ವಾಕ್ ಚಿಕಿತ್ಸೆ ಒಂದು ವೃತ್ತಿಯಾಗಿ ಬೇರೂರಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. 1965ರಲ್ಲಿ ಕೇಂದ್ರ ಸರ್ಕಾರ ಮೈಸೂರಿನಲ್ಲಿ ಆರಂಭಿಸಿದ ಸಂಸ್ಥೆಯೇ ಇಂದಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನರ ಬಾಯಲ್ಲಿ ‘ಆಯಿಷ್’. ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಒಂಬತ್ತು ವರ್ಷ. ನಕಾಶೆಯಲ್ಲಿ ರಾಜ್ಯ ಒಂದೇ ಆಗಿತ್ತು, ಆದರೆ ದಾರಿ ಐನೂರು ಕಿಲೋಮೀಟರಿಗೂ ಹೆಚ್ಚು. ಜಿಲ್ಲೆಯ ಜನ ದೊಡ್ಡ ಆಸ್ಪತ್ರೆ ಎಂದರೆ ಹೈದರಾಬಾದಿನತ್ತ ಮುಖ ಮಾಡುತ್ತಿದ್ದರು. ಅಲ್ಲಿ ಮಗುವಿಗೆ ಚಿಕಿತ್ಸೆ ಸಿಕ್ಕರೂ ಅದು ಮನೆಮಾತಿನಲ್ಲಿ ಸಿಗುವುದು ಕಷ್ಟವಿತ್ತು.

ಮನೆಮಾತಿನ ಪ್ರಶ್ನೆ ಚಿಕ್ಕದಲ್ಲ. ಇಂಗ್ಲಿಷ್ ಮಕ್ಕಳಿಗೆ ಮಾಡಿದ ಪರೀಕ್ಷೆಯಲ್ಲಿ ಳಕಾರ, ಣಕಾರಗಳೇ ಇರುವುದಿಲ್ಲ. 1972ರಲ್ಲಿ ಬಾಬು, ರತ್ನ ಮತ್ತು ಬೆಟಗೇರಿ ಎಂಬ ಮೂವರು ಕನ್ನಡದ್ದೇ ಉಚ್ಚಾರಣಾ ಪರೀಕ್ಷೆಯನ್ನು ಪ್ರಕಟಿಸಿದರು. ಮುಂದೆ ಆಯಿಷ್‌ನಲ್ಲಿ ಕನ್ನಡ ಮಕ್ಕಳಿಗಾಗಿ ಇನ್ನಷ್ಟು ಪರೀಕ್ಷೆಗಳು ಬಂದವು, ಅಪ್ರಾಕ್ಸಿಯಾದ ಮೇಲೂ ಸಂಶೋಧನೆ ನಡೆಯಿತು. ಬೆಂಗಳೂರಿನಲ್ಲಿ ಪ್ರತಿಭಾ ಕಾರಂತರು ಕಟ್ಟಿದ ಕಾಮ್ ಡೀಲ್ ಸಂಸ್ಥೆ ಬೆಳವಣಿಗೆಯ ತೊಡಕಿರುವ ಚಿಕ್ಕ ಮಕ್ಕಳಲ್ಲಿ ಭಾಷೆಯ ಜೊತೆಗೆ ಬಾಯಿಯ ಚಲನೆಯನ್ನೂ ಅಳೆಯುವ ಕ್ರಮ ತಂದಿತು. ಆದರೂ ಪರೀಕ್ಷಿಸುವವರು ಒಂದು ಎಚ್ಚರ ಇಟ್ಟುಕೊಳ್ಳಲೇಬೇಕು. ಚಿತ್ರ ತೋರಿಸಿದಾಗ ಜಾಲಹಳ್ಳಿಯ ಮಗು ‘ಮನೆ’ ಅನ್ನದೆ ‘ಮನಿ’ ಅಂದರೆ ಅದು ದೋಷವಲ್ಲ. ‘ಮನಿ’ ಅಂದ ಮಗು ‘ಮನ್ಯಾಗ’, ‘ಮನ್ಯಾಗಿಂದ’ ಎಂದು ಪದ ಉದ್ದವಾದಂತೆ ಎಡವಿದರೆ ಅಲ್ಲಿ ಕಿವಿಗೊಡಬೇಕು.

ವೃತ್ತಿ ಬೆಳೆದರೂ ಕಾನೂನು, ಯೋಜನೆಗಳು ಕಿವಿಯನ್ನು ದಾಟಲು ಹೊತ್ತು ಹಿಡಿಯಿತು. 1995ರ ಅಂಗವಿಕಲರ ಕಾಯ್ದೆ ಹೆಸರಿಸಿದ ಏಳು ನ್ಯೂನತೆಗಳಲ್ಲಿ ಶ್ರವಣದೋಷ ಇತ್ತು, ಮಾತಿನ ದೋಷ ಇರಲಿಲ್ಲ. 2016ರ ಕಾಯ್ದೆಯ 21ರ ಪಟ್ಟಿಯಲ್ಲಿ ವಾಕ್ ಮತ್ತು ಭಾಷಾ ನ್ಯೂನತೆಗೆ ಜಾಗ ಸಿಕ್ಕಿತು. ಆ ಕಾಯ್ದೆಯ ವ್ಯಾಖ್ಯೆ ಹೆಸರು ಹಿಡಿದು ಹೇಳುವುದು ಗಂಟಲಗೂಡು ತೆಗೆಸಿಕೊಂಡವರನ್ನು, ಮಿದುಳಿನ ಹಾನಿಯಿಂದ ಭಾಷೆ ಕುಂದುವ ಅಫೇಸಿಯಾ ಆದವರನ್ನು. ಮಕ್ಕಳ ಅಪ್ರಾಕ್ಸಿಯಾ ಅಲ್ಲಿ ‘ಮುಂತಾದ’ ಎಂಬುದರೊಳಗೆ ಸೇರಿಕೊಳ್ಳಬೇಕು.

ಈ ಕಾನೂನು, ಯೋಜನೆಗಳು ತಲುಪಬೇಕಾದ ದೇವದುರ್ಗವು, ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಒಂದು. ರಾಯಚೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು, ಅಂದರೆ ರಿಮ್ಸ್, ಬಂದದ್ದು 2007ರಲ್ಲಿ. ಹಳ್ಳಿಯ ಮಟ್ಟಿಗೆ ದೊಡ್ಡ ಬದಲಾವಣೆ ತಂದದ್ದು 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಇದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ತಪಾಸಣೆಯ ಪಟ್ಟಿಯಲ್ಲಿ ಭಾಷೆ ತಡವಾಗುವುದೂ ಇದೆ. ಅನುಮಾನ ಬಂದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸಬೇಕು, ಅಲ್ಲಿ ವಾಕ್ ಚಿಕಿತ್ಸಕರ ಹುದ್ದೆ ಇರಬೇಕು ಎಂಬುದು ಯೋಜನೆಯ ನಿಯಮ. ಗುರುತಿನ ಚೀಟಿ, ಪ್ರಮಾಣಪತ್ರದ ಓಡಾಟಕ್ಕೆ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇವರನ್ನು ಊರವರು ‘ವಿಆರ್‌ಡಬ್ಲ್ಯೂ’ ಎಂದೇ ಕರೆಯುತ್ತಾರೆ.

ಪತ್ತೆಯಾದ ಮೇಲೆ ಚಿಕಿತ್ಸೆಯ ಸ್ವಭಾವವೇ ಒಂದು ಸವಾಲು. ಅಪ್ರಾಕ್ಸಿಯಾಕ್ಕೆ ಗುಳಿಗೆ ಇಲ್ಲ, ಇಂಜೆಕ್ಷನ್ ಇಲ್ಲ. ಥೆರಪಿಸ್ಟರು ಮಗುವಿನ ಎದುರು ಕೂತು ‘ನನ್ನ ಬಾಯಿ ನೋಡು’ ಎಂದು ಒಂದು ಪದವನ್ನು ನಿಧಾನವಾಗಿ ಹೇಳುತ್ತಾರೆ. ಮಗು ಅವರ ಜೊತೆಗೇ ಹೇಳುತ್ತದೆ. ಅದು ಹದಕ್ಕೆ ಬಂದ ಮೇಲೆ ಕೇಳಿ ಹೇಳುತ್ತದೆ, ಕೊನೆಗೆ ತಾನೇ ಹೇಳುತ್ತದೆ. ಅಮೆರಿಕದ ಈಡಿತ್ ಸ್ಟ್ರ್ಯಾಂಡ್ ರೂಪಿಸಿದ ಪದ್ಧತಿಯ ತಿರುಳು ಇದು. ಆರಿಸುವ ಪದಗಳು ಕಡಿಮೆ, ಆದರೆ ದಿನವೂ ಬೇಕಾದವು: ‘ಅವ್ವ’, ‘ಬಾ’, ‘ಒಲ್ಲೆ’, ‘ಕೊಡು’. ತಿಂಗಳಿಗೊಮ್ಮೆ ಒಂದು ತಾಸಿಗಿಂತ ವಾರದಲ್ಲಿ ಹಲವು ಸಲ ಅರ್ಧರ್ಧ ತಾಸು ಮೇಲು.

ದೇವದುರ್ಗ ತಾಲ್ಲೂಕಿನ ಬದುಕಿಗೆ ಈ ವೇಳಾಪಟ್ಟಿ ಹೊಂದುವುದಿಲ್ಲ. ಸುಗ್ಗಿ ಮುಗಿದರೆ ಎಷ್ಟೋ ಮನೆಗಳು ಬೆಂಗಳೂರು, ಪುಣೆಯ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತವೆ. ಚಿಕಿತ್ಸೆ ಅಲ್ಲಿಗೆ ತುಂಡಾಗುತ್ತದೆ. ಜೊತೆಗಾರರೂ ಇಲ್ಲ. ಅಪ್ರಾಕ್ಸಿಯಾ ಇರುವುದು ಸಾವಿರಕ್ಕೆ ಒಂದೆರಡು ಮಕ್ಕಳಲ್ಲಿ ಎಂಬುದು ವಿದೇಶಗಳ ಅಂದಾಜು. ಹೀಗಾಗಿ ಒಂದು ಹಳ್ಳಿಯ ತಾಯಿಗೆ ಇಂಥದೇ ಮಗುವಿನ ಇನ್ನೊಬ್ಬ ತಾಯಿ ಎದುರಾಗುವುದು ಅಪರೂಪ. ಅಮೆರಿಕದಲ್ಲಿ ಇಂಥ ಮಕ್ಕಳ ಪೋಷಕರ ಸಂಘಟನೆ ಹುಟ್ಟಿದ್ದು ಇದೇ ಒಂಟಿತನದಿಂದ.

ದೂರದಿಂದ ಬಂದವರಿಗೆ ಕೆಲವು ದಿನ ಕಲಿಸಿ, ಮನೆಯಲ್ಲಿ ಮಾಡಿಸಬೇಕಾದ್ದನ್ನು ತಾಯಂದಿರ ಕೈಗೆ ಕೊಟ್ಟು ಕಳಿಸುವುದು ಮೈಸೂರಿನ ಹಳೆಯ ಪದ್ಧತಿ. 2020ರ ಕೋವಿಡ್ ಕಾಲದಲ್ಲಿ ಫೋನಿನ ಮೂಲಕ ಚಿಕಿತ್ಸೆ ಎಲ್ಲೆಡೆ ಹಬ್ಬಿದಾಗ ಅದಕ್ಕೆ ಹೊಸ ಬಲ ಬಂತು. ಗುಳೆ ಹೋದ ಮನೆಗೂ ಫೋನ್ ಜೊತೆಗೇ ಹೋಗುತ್ತದೆ. ಆದರೆ ವಿಡಿಯೊ ಕರೆಯಲ್ಲಿ ದನಿ ಅರೆಗಳಿಗೆ ತಡವಾಗಿ ಬರುತ್ತದೆ. ಹಾಗಾಗಿ ಮಗು ಮತ್ತು ಥೆರಪಿಸ್ಟರು ಒಟ್ಟಿಗೆ ಪದ ಹೇಳುವ ಹಂತ ಪರದೆಯ ಮೇಲೆ ನಡೆಯುವುದಿಲ್ಲ. ಥೆರಪಿಸ್ಟರು ಆ ಕಡೆಯಿಂದ ನೋಡುತ್ತ ತಿದ್ದುತ್ತಾರೆ. ಈ ಕಡೆ ಮಗುವಿನ ಎದುರು ಕೂತು ‘ಒಲ್ಲೆ’ ಎಂದು ಜೊತೆಗೆ ಹೇಳುವ ಕೆಲಸ ಅವ್ವನದು, ಅವಳು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅಕ್ಕನದು.