ಒಲ್ಲೆನೆನ್ನುವ ಸ್ವಾತಂತ್ರ್ಯ

ಬಿಳೇಕಹಳ್ಳಿಯ ನಮ್ಮ ಶಾಲೆಯಲ್ಲಿ ಹುಡುಗಿಯೊಬ್ಬಳು ಕೇಳಿದಳು: “ದೇವರಿಗೆ ಅಷ್ಟು ಪ್ರೀತಿಯಿದ್ದರೆ ತಪ್ಪೇ ಮಾಡದ ಹಾಗೆ ನಮ್ಮನ್ನು ಯಾಕೆ ಹುಟ್ಟಿಸಲಿಲ್ಲ, ಮಿಸ್?” ಸುಮಾರು 1600 ವರ್ಷಗಳ ಹಿಂದೆ ಸಂತ ಅಗಸ್ಟೀನರನ್ನು ಕಾಡಿದ ಪ್ರಶ್ನೆಯಿದು. ಒಲ್ಲೆನೆನ್ನಲು ಬಾರದವರ ಒಲವು ಒಲವೇ ಅಲ್ಲ, ಆದ್ದರಿಂದ ದೇವರು ಬಲವಂತ ಮಾಡುವುದಿಲ್ಲ ಎಂಬುದು ಅನೇಕ ಕ್ರೈಸ್ತ ಚಿಂತಕರ ಉತ್ತರ. ಆ ಒಲವು ಮೂಡುವುದಕ್ಕೂ ದೇವರ ಕೃಪೆಯೇ ಬೇಕೆಂದರು ಅಗಸ್ಟೀನರು.

ನನಗೆ ನೆನಪಾಗುವುದು ಮಂಗಳೂರಿನ ಆನಂದರಾವ್ ಕೌಂಡಿನ್ಯ. ಸಾರಸ್ವತ ಬ್ರಾಹ್ಮಣರ ಮನೆಯ ಈ ತರುಣ 1844ರಲ್ಲಿ ಬಾಸೆಲ್ ಮಿಷನ್ನಿನಲ್ಲಿ ದೀಕ್ಷಾಸ್ನಾನ ಪಡೆದರು. ಬಂಧುಗಳ ವಿರೋಧಕ್ಕೆ ಜಗ್ಗಲಿಲ್ಲ. ಆ ಧೈರ್ಯ ದೊಡ್ಡದೇ. ಪತ್ನಿ ಮಾತ್ರ ಅವರ ಜೊತೆ ಬರಲಿಲ್ಲ. ಮುಂದೆ ಅವರು ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾದರು. ಗಂಡನ ಆಯ್ಕೆಯನ್ನು ಚರಿತ್ರೆ ಬರೆದಿಟ್ಟುಕೊಂಡಿತು. ಹೋಗುತ್ತೀಯೋ, ಇರುತ್ತೀಯೋ ಎಂದು ಆ ಹೆಣ್ಣುಮಗಳನ್ನು ಕೂರಿಸಿಕೊಂಡು ಕೇಳಿದವರು ಯಾರು?