ಪ್ರಯೋಗಾಲಯದ ಇಲಿಗೂ ಬೇಕು ಆರೋಗ್ಯ ತಪಾಸಣೆ: ಸ್ಯಾಂಪಲ್ ತೆಗೆಯೋದು ಹೇಗೆ, ಯಾಕೆ?

"ಇಲಿ ಆರಾಮ ಅದಾವು ಅಂತ ನಿನಗ ಹೆಂಗ ಗೊತ್ತು?"

"ಚಂದಾಗಿ ತಿರುಗ್ಯಾಡಾತಿದ್ದುವಲ್ಲ ಅಣ್ಣಾ."

ಇದು ಎರಡು ವರ್ಷದ ಹಿಂದೆ ನನಗೂ ನನ್ನ ಚಿಕ್ಕಪ್ಪನ ಮಗಳಿಗೂ ನಡೆದ ಮಾತು. ಅವಳು ಎಂ.ಫಾರ್ಮ್ ಓದುತ್ತಿದ್ದಳು. ಒಂದು ಗಿಡದ ಸಾರ ಬಾವು ಇಳಿಸುತ್ತದೆಯೇ ಎಂದು ಬಿಳಿ ಇಲಿಗಳ ಮೇಲೆ ಪರೀಕ್ಷೆ. ಆರನೇ ವಾರಕ್ಕೆ ಇಲಿಗಳು ಸೀನತೊಡಗಿದವು, ತೂಕ ಇಳಿಯಿತು. ಔಷಧ ಕೊಟ್ಟ ಗುಂಪು, ಕೊಡದ ಗುಂಪು ಎರಡರ ಲೆಕ್ಕವೂ ಕಲಸಿಹೋಯಿತು. ಎಂಟು ತಿಂಗಳ ಕೆಲಸ ಕಸದ ಬುಟ್ಟಿಗೆ, ಇಲಿಗಳೂ ಸತ್ತವು. ಯಾವ ರೋಗ ಅಂತ ಇವತ್ತಿಗೂ ಗೊತ್ತಿಲ್ಲ. ಯಾಕಂದ್ರೆ ಆ ಕಾಲೇಜಿನಲ್ಲಿ ಯಾರೂ, ಯಾವತ್ತೂ, ಇಲಿಗಳಿಂದ ಸ್ಯಾಂಪಲ್ ತೆಗೆದು ಪರೀಕ್ಷೆಗೆ ಕಳಿಸಿರಲೇ ಇಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಅಂದ್ರೆ ಸುದ್ದಿಯಲ್ಲಿ ಬರೋದು ಪ್ರತ್ಯೇಕ ಜಿಲ್ಲೆಯ ಬೇಡಿಕೆ, ಗಡಿ ತಕರಾರು, ಕಬ್ಬಿನ ಬಾಕಿ, ಕೃಷ್ಣೆಯ ನೆರೆ. ಪ್ರಯೋಗಾಲಯದ ಇಲಿ ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಇಲ್ಲ. ಆದರೆ ಇಲ್ಲಿಂದ ಫಾರ್ಮಸಿ, ಜೀವವಿಜ್ಞಾನ ಓದಲು ಹೋಗುವವರು ಕಡಿಮೆ ಏನಿಲ್ಲ. ಹಾಗಾಗಿ ಈ ಟಿಪ್ಪಣಿ.

ಪ್ಲೇಗ್ ಕಲಿಸಿದ ಪಾಠ

1896ರಲ್ಲಿ ಮುಂಬೈಗೆ ಬಂದ ಪ್ಲೇಗು, ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ಹಬ್ಬಿತು. ಮನೆಯಲ್ಲಿ ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಸತ್ತ ಇಲಿಯೇ ಅವರ ಪಾಲಿನ ಲ್ಯಾಬ್ ರಿಪೋರ್ಟು. 1905ರಲ್ಲಿ ಕೆಲಸ ಶುರು ಮಾಡಿದ ಪ್ಲೇಗ್ ಸಂಶೋಧನಾ ತಂಡ ಮುಂಬೈಯ ಪ್ಲೇಗ್ ಮನೆಗಳಲ್ಲಿ ಗಿನಿಪಿಗ್‌ಗಳನ್ನು ಬಿಟ್ಟು, ಅವುಗಳ ಮೈಗೆ ಹತ್ತಿದ ಚಿಗಟಗಳನ್ನು ಎಣಿಸಿತು. ಚಿಗಟ ತಲುಪದಂತೆ ಬಲೆಯೊಳಗಿಟ್ಟ ಪ್ರಾಣಿಗಳು ಉಳಿದುಕೊಂಡವು. ರೋಗ ಇದೆಯೋ ಇಲ್ಲವೋ ಎಂದು ಹೇಳಲು ಒಂದು ಪ್ರಾಣಿಯನ್ನು ಕಾವಲಿಗೆ ಇಡೋದು, ಇದೇ ಉಪಾಯ ಇವತ್ತಿಗೂ ಪ್ರಯೋಗಾಲಯಗಳಲ್ಲಿ ನಡೀತಿದೆ.

ಕಾಣದ ಸೋಂಕು, ಕೆಡುವ ಲೆಕ್ಕ

ಚಂದಾಗಿ ತಿರುಗಾಡುವ ಇಲಿ ಆರೋಗ್ಯವಾಗಿದೆ ಎಂದೇನಲ್ಲ. ಮೌಸ್ ಹೆಪಟೈಟಿಸ್ ವೈರಸ್ ತಗುಲಿದ ದೊಡ್ಡ ಸುಂಡಿಲಿಗಳಲ್ಲಿ ಬಹಳ ಸಲ ಲಕ್ಷಣವೇ ಇರೋದಿಲ್ಲ. ಆದರೆ ಅದರ ರೋಗನಿರೋಧಕ ಶಕ್ತಿಯ ನಡವಳಿಕೆ ಬದಲಾಗಿರುತ್ತೆ. ಮೈಕೋಪ್ಲಾಸ್ಮಾ ಪಲ್ಮೋನಿಸ್ ಎಂಬ ಬ್ಯಾಕ್ಟೀರಿಯಾ ಇಲಿಯ ಶ್ವಾಸಕೋಶದಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಕೂರುತ್ತೆ. ಅಂಥ ಇಲಿಗೆ ಬಾವು ಇಳಿಸುವ ಔಷಧ ಕೊಟ್ಟರೆ ನೀವು ಅಳೆಯೋದು ಔಷಧವನ್ನೋ, ರೋಗವನ್ನೋ?

ಎಷ್ಟು ಇಲಿ ಸಾಕು?

ಇಂಜಿನಿಯರಿಂಗ್ ಓದಿದ್ದಕ್ಕೆ ಇಲ್ಲೊಂದು ಉಪಯೋಗ ಸಿಕ್ಕಿತು. ಕೋಣೆಯಲ್ಲಿ ಶೇ. 30ರಷ್ಟು ಇಲಿಗಳಿಗೆ ಸೋಂಕಿದೆ ಅನ್ನಿ. ನೀವು ಹಿಡಿದ ಒಂದು ಇಲಿ ಸೋಂಕಿಲ್ಲದ್ದೇ ಆಗಿರುವ ಸಾಧ್ಯತೆ 0.7. ಎರಡೂ ಹಾಗೇ ಇದ್ದರೆ 0.49. ಒಂಬತ್ತೂ ಹಾಗೇ ಇರುವ ಸಾಧ್ಯತೆ 0.04. ಅಂದ್ರೆ 9 ಇಲಿ ನೋಡಿದರೆ ಸೋಂಕು ಸಿಕ್ಕಿಬೀಳುವ ಭರವಸೆ ಶೇ. 95ಕ್ಕಿಂತ ಹೆಚ್ಚು. ಆದರೆ ಸೋಂಕು ಶೇ. 10 ಮಾತ್ರ ಇದ್ದರೆ ಅಷ್ಟೇ ಭರವಸೆಗೆ 29 ಇಲಿ ಬೇಕು. "ಎರಡು ನೋಡಿದ್ವಿ, ಎಲ್ಲ ಸರಿ ಇದೆ" ಅನ್ನುವ ಮಾತಿಗೆ ಅರ್ಥವಿಲ್ಲ.

ಇನ್ನೊಂದು ಎಚ್ಚರ. ಸೋಂಕು ಕೋಣೆ ತುಂಬ ಸಮನಾಗಿ ಹರಡಿದ್ದರೆ ಮಾತ್ರ ಈ ಲೆಕ್ಕ ಸರಿ. ಪ್ರತಿ ಪಂಜರಕ್ಕೂ ಬೇರೆ ಗಾಳಿ ಬರುವ ವ್ಯವಸ್ಥೆ ಇದ್ದರೆ ಒಂದೊಂದು ಪಂಜರವೂ ಒಂದೊಂದು ಊರಿದ್ದಂತೆ. ಆಗ ಹೆಚ್ಚು ಪಂಜರಗಳಿಂದ ಸ್ಯಾಂಪಲ್ ಬೇಕು.

ಏನು ತೆಗೆಯಬೇಕು, ಹೇಗೆ?

ಹಿಕ್ಕೆ: ಅತಿ ಸುಲಭ. ಇಲಿಯನ್ನು ಎತ್ತಿ ಹಿಡಿದರೆ ಎಷ್ಟೋ ಸಲ ಅದೇ ಹಾಕುತ್ತೆ. ತಾಜಾ ಹಿಕ್ಕೆಯನ್ನು ಒಣ ಟ್ಯೂಬಿಗೆ ಹಾಕಿ ಪಿಸಿಆರ್‌ಗೆ ಕಳಿಸೋದು. ಕರುಳಿನ ವೈರಸ್, ಹೆಲಿಕೋಬ್ಯಾಕ್ಟರ್, ಹುಳು ಇದರಲ್ಲಿ ಸಿಗುತ್ತವೆ.

ಮೈಗೂದಲಿನ ಸ್ವ್ಯಾಬ್: ಕೂದಲಿಗೆ ಎದುರಾಗಿ ಬೆನ್ನು, ಕತ್ತು, ಕಿವಿಯ ಹಿಂಭಾಗಕ್ಕೆ ಸ್ವ್ಯಾಬ್ ಒರೆಸಬೇಕು. ಕೂದಲಲ್ಲಿ ಅಡಗುವ ಮೈಟ್‌ಗಳಿಗೆ ಇದು.

ಬಾಯಿಯ ಸ್ವ್ಯಾಬ್: ಉಸಿರಾಟದ ಕೆಲವು ಬ್ಯಾಕ್ಟೀರಿಯಾ ಹಿಕ್ಕೆಯಲ್ಲಿ ಸರಿಯಾಗಿ ಸಿಗೋದಿಲ್ಲ. ಅದಕ್ಕೆ ಬಾಯಿಯಿಂದ.

ಟೇಪ್: ಸೈಫೇಸಿಯಾ ಜಾತಿಯ ಪಿನ್‌ವರ್ಮ್ ಗುದದ್ವಾರದ ಸುತ್ತ ಮೊಟ್ಟೆ ಇಡುತ್ತೆ. ಪಾರದರ್ಶಕ ಟೇಪ್ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು, ಖರ್ಚು ಹೆಚ್ಚೇನಿಲ್ಲ. ಇನ್ನೊಂದು ಜಾತಿ ಆಸ್ಪಿಕ್ಯುಲೂರಿಸ್ ಅಲ್ಲಿ ಮೊಟ್ಟೆ ಇಡೋದಿಲ್ಲ, ಅದಕ್ಕೆ ಹಿಕ್ಕೆಯನ್ನೇ ನೋಡಬೇಕು.

ರಕ್ತ: ಪ್ರತಿಕಾಯಗಳ ಪರೀಕ್ಷೆಗೆ. 25 ಗ್ರಾಂ ಸುಂಡಿಲಿಯ ಮೈಯಲ್ಲಿರೋದು ಸುಮಾರು 2 ಮಿ.ಲೀ. ರಕ್ತ. ಒಂದು ಸಲಕ್ಕೆ ಅದರ ಹತ್ತನೇ ಒಂದು ಪಾಲು, ಅಂದ್ರೆ 0.2 ಮಿ.ಲೀ. ಮೀರಬಾರದು. ಬಾಲದ ಅಥವಾ ಕಾಲಿನ ರಕ್ತನಾಳದಿಂದ ಒಂದು ಹನಿ ಕಾಗದದ ಮೇಲೆ ಒಣಗಿಸಿ ಕಳಿಸುವ ವಿಧಾನವೂ ಇದೆ. ಅಥಣಿಯ ಬೇಸಿಗೆಯಲ್ಲಿ ಐಸ್ ಡಬ್ಬಿ ಹೊತ್ತು ರಾತ್ರಿ ಬಸ್ಸಿಗೆ ಓಡಬೇಕಾದವರಿಗೆ ಇದು ದೊಡ್ಡ ಅನುಕೂಲ, ಕೊರಿಯರ್‌ನಲ್ಲೇ ಹೋಗುತ್ತೆ.

ಪಿಸಿಆರ್ ಹೇಳೋದು ರೋಗಾಣುವಿನ ಗುರುತು ಈಗ ಇದೆಯಾ ಅಂತ. ಪ್ರತಿಕಾಯ ಹೇಳೋದು ಹಿಂದೆ ಬಂದು ಹೋಗಿತ್ತಾ ಅಂತ, ಅದೂ ಸೋಂಕು ತಗುಲಿ ಒಂದೆರಡು ವಾರ ಕಳೆದ ಮೇಲೆ. ಎರಡೂ ಬೇಕು. ಕೋವಿಡ್ ಕಾಲದಲ್ಲಿ ಐಸಿಎಂಆರ್ 5 ಜನರ ಸ್ಯಾಂಪಲ್‌ವರೆಗೂ ಒಟ್ಟಿಗೆ ಪರೀಕ್ಷಿಸಲು ಒಪ್ಪಿತ್ತಲ್ಲ, ಹಾಗೇ ಹಲವು ಪಂಜರಗಳ ಹಿಕ್ಕೆ ಸೇರಿಸಿದರೆ ಖರ್ಚು ಇಳಿಯುತ್ತೆ. ಪಂಜರ ಬದಲಾದಾಗ ಕೈಗವಸು ಬದಲಾಗಬೇಕು. ಇಲ್ಲದಿದ್ದರೆ ತಪಾಸಣೆ ಮಾಡಲು ಹೋದವರೇ ರೋಗ ಹಂಚಿ ಬರ್ತಾರೆ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಇದೆಲ್ಲ ನಡೆಯಬೇಕು.

ಕಾವಲು ಇಲಿ ಸಾಯಲೇಬೇಕೆ?

ಹಳೆಯ ಪದ್ಧತಿಯಲ್ಲಿ ಬೇರೆ ಪಂಜರಗಳ ಕೊಳಕು ಹಾಸನ್ನು ಕಾವಲು ಇಲಿಯ ಪಂಜರಕ್ಕೆ ಹಾಕಿ, ಕೆಲವು ವಾರಗಳಾದ ಮೇಲೆ ಅದನ್ನು ಕೊಂದು ಪರೀಕ್ಷಿಸುತ್ತಾರೆ. ಇದರಲ್ಲಿ ಒಂದು ಜೀವ ಹೋಗುತ್ತೆ. ಜೊತೆಗೆ ಗಾಳಿಯಿಂದ ಹರಡುವ ಸೆಂಡೈ ವೈರಸ್‌ನಂಥವು ಹಾಸಿನ ಮೂಲಕ ದಾಟದೆ ತಪ್ಪಿಸಿಕೊಳ್ಳುತ್ತವೆ. ಈಗ ಗಾಳಿ ಹೊರಹೋಗುವ ಕೊಳವೆಯ ಫಿಲ್ಟರಿನ ಧೂಳನ್ನೇ ಪಿಸಿಆರ್‌ಗೆ ಹಾಕುವ ಪದ್ಧತಿ ಬಂದಿದೆ. ನಮ್ಮ ಸಣ್ಣ ಕಾಲೇಜುಗಳಲ್ಲಿ ಅಂಥ ದುಬಾರಿ ಪಂಜರ ಎಲ್ಲಿದೆ, ಭತ್ತದ ಹೊಟ್ಟು ಹಾಸಿದ ತೆರೆದ ಪಂಜರವೇ ಹೆಚ್ಚು. ಅಲ್ಲಿ ಹಿಕ್ಕೆ, ಸ್ವ್ಯಾಬ್ ಸಾಕು. ಯಾವ ಇಲಿಯನ್ನೂ ಕೊಲ್ಲಬೇಕಿಲ್ಲ.

ತೆರೆದ ಪಂಜರಕ್ಕೆ ಇನ್ನೊಂದು ಅಪಾಯ ಹೊರಗಿನ ಇಲಿ. ಕಬ್ಬು ಕಡಿದ ಮೇಲೆ ಹೊಲದ ಇಲಿ ಎಲ್ಲಿಗೆ ಹೋಗುತ್ತೆ ಅಂತ ರಾಯಬಾಗದ ರೈತರನ್ನು ಕೇಳಿ. ಕಾಳಿನ ಚೀಲ ಇರುವ ಯಾವ ಕೋಣೆಯಾದರೂ ಅದಕ್ಕೆ ಸರಿ.

ಇಲಿಯಷ್ಟೇ ಅಲ್ಲ, ಮನುಷ್ಯರೂ

ಜಪಾನಿನಲ್ಲಿ 1970-80ರ ದಶಕಗಳಲ್ಲಿ ಪ್ರಯೋಗಾಲಯದ ಇಲಿಗಳಿಂದ ಹಂಟಾ ವೈರಸ್ ತಗುಲಿ ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಪಂಜರ ತೊಳೆಯೋರು ಯಾರು? ಬಹುತೇಕ ಗುತ್ತಿಗೆ ನೌಕರರು. ಸ್ಯಾಂಪಲ್ ತೆಗೆಯದೆ ಉಳಿಸಿದ ದುಡ್ಡಿಗೆ ಅಡ ಇಟ್ಟಿರೋದು ಅವರ ಆರೋಗ್ಯ.

ಕೇಳಬೇಕಾದ ಪ್ರಶ್ನೆ

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿ ರಚನೆಯಾದ ಸಮಿತಿ, ಈಗಿನ ಹೆಸರು ಸಿಸಿಎಸ್‌ಇಎ, ದೇಶದ ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುತ್ತದೆ. ಪ್ರಯೋಗ ಮಾಡುವ ಪ್ರತಿ ಸಂಸ್ಥೆಯೂ ನೋಂದಣಿಯಾಗಿರಬೇಕು, ಅದರಲ್ಲಿ ಪ್ರಾಣಿ ನೈತಿಕ ಸಮಿತಿ ಇರಬೇಕು. ಆ ಸಮಿತಿಯಲ್ಲಿ ಪಶುವೈದ್ಯರ ಜೊತೆಗೆ ಹೊರಗಿನಿಂದ ಬಂದ 'ಸಾಮಾಜಿಕ ಅರಿವುಳ್ಳ' ಸದಸ್ಯರೊಬ್ಬರಿಗೂ ಜಾಗ ಇದೆ. ಅಂದ್ರೆ ಸಮಾಜದ ಪರವಾಗಿ ಪ್ರಶ್ನೆ ಕೇಳುವ ಕುರ್ಚಿಯನ್ನು ವ್ಯವಸ್ಥೆಯೇ ಹಾಕಿಟ್ಟಿದೆ. ಆ ಕುರ್ಚಿಯಿಂದ "ಕಳೆದ ತ್ರೈಮಾಸಿಕದ ಆರೋಗ್ಯ ವರದಿ ತೋರಿಸಿ" ಎಂಬ ಒಂದು ಮಾತು ಬಂದರೆ ಬಹಳಷ್ಟು ಬದಲಾಗುತ್ತೆ. ಸರ್ಕಾರಿ ಸಂಸ್ಥೆಯಾದರೆ ಆರ್‌ಟಿಐ ಅರ್ಜಿ ಹಾಕಿ ನೀವೂ ಕೇಳಬಹುದು.

ನನ್ನ ತಂಗಿ ಮತ್ತೆ ಹೊಸದಾಗಿ ಶುರು ಮಾಡಿದಳು. ಈ ಸಲ ಹೊಸ ಇಲಿಗಳನ್ನು ಮೊದಲು ಬೇರೆ ಕೋಣೆಯಲ್ಲಿಟ್ಟು, ಹಿಕ್ಕೆ ಕಳಿಸಿ, ವರದಿ ಬಂದ ಮೇಲೆಯೇ ಪ್ರಯೋಗಕ್ಕೆ ಕೈ ಹಾಕಿದಳು. ಮೊನ್ನೆ ಫೋನಿನಲ್ಲಿ ಮತ್ತೆ ಕೇಳಿದೆ, ಇಲಿ ಆರಾಮ ಅದಾವೇನು ಅಂತ.

"ರಿಪೋರ್ಟ್ ಐತಿ ಅಣ್ಣಾ, ವಾಟ್ಸಾಪ್ ಮಾಡ್ತೀನಿ ತಡಿ" ಅಂದಳು.